ದುಡಿದವರ ಗಂಟಿಗೆ ಯಾರ ಬೀಗ?

1952ರಲ್ಲಿ ನೌಕರರ ಭವಿಷ್ಯನಿಧಿ (ಪಿಎಫ್) ಕಾಯ್ದೆ ಬಂದಾಗ ಅದು ಮೊದಲು ಅನ್ವಯವಾದದ್ದು ಆರೇ ಉದ್ಯಮಗಳಿಗೆ: ಸಿಮೆಂಟ್, ಸಿಗರೇಟು, ಎಂಜಿನಿಯರಿಂಗ್ ಸಾಮಗ್ರಿ, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಇವುಗಳಲ್ಲಿ ಕಡೆಯ ಮೂರು ಶಿವಮೊಗ್ಗದವರಿಗೆ ಮನೆಮಾತು. ವಿದ್ಯಾನಗರ ದಾಟಿ ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಯತ್ತ ಹೊರಟರೆ ನಿದಿಗೆ, ಮಾಚೇನಹಳ್ಳಿಯ ಆಸುಪಾಸಿನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆ ಸಿಗುತ್ತದೆ. ಭದ್ರಾವತಿ ಮುಟ್ಟಿದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ. ಪೇಪರ್ ಟೌನಿನಲ್ಲಿ 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಎಲ್ಲರ ಬಾಯಲ್ಲಿ ಎಂಪಿಎಂ. ಭವಿಷ್ಯನಿಧಿಯ ಕಾನೂನು ಯಾರಿಗಾಗಿ ಹುಟ್ಟಿತು, ಈಗ ಯಾರ ಪಾಲಿಗೆ ಏನಾಗಿದೆ ಎಂದು ತಿಳಿಯಲು ಈ ಒಂದು ರಸ್ತೆ ಸಾಕು.

ಆ ಕಾನೂನು ಬರೆದವರ ಕಣ್ಣೆದುರು ಇದ್ದವನು ಭದ್ರಾವತಿಯ ಹಳೆಯ ಕಾರ್ಮಿಕನಂಥವನು. ಇಪ್ಪತ್ತರ ಹರೆಯದಲ್ಲಿ ಒಂದು ಗೇಟಿನೊಳಗೆ ಹೋದವನು ನಿವೃತ್ತಿಯ ದಿನ ಅದೇ ಗೇಟಿನಿಂದ ಹೊರಬರುತ್ತಿದ್ದ. ಅವನಿಗೆ ಪಿಎಫ್‌ನ ಅಂತಿಮ ಇತ್ಯರ್ಥ ಬದುಕಿನಲ್ಲಿ ಒಮ್ಮೆ ಮಾತ್ರ ಬರುವ ಸಂಗತಿ. ಕೈಗೆ ಬಂದ ಮೊತ್ತದಲ್ಲಿ ಜನ್ನಾಪುರದಲ್ಲೊಂದು ಸೈಟು, ಮಗಳ ಮದುವೆ, ಉಳಿದದ್ದು ಬ್ಯಾಂಕಿನಲ್ಲಿ ಠೇವಣಿ. ಇವತ್ತು ಅದೇ ಮನೆಯ ಮೊಮ್ಮಗಳು ಮಾಚೇನಹಳ್ಳಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಎರಡು ವರ್ಷ ದುಡಿದು ಹೆರಿಗೆಗೆ ಬಿಡುತ್ತಾಳೆ, ಮಗುವನ್ನು ಅಮ್ಮನ ಕೈಗಿಟ್ಟು ಬೇರೆ ಕಡೆ ಸೇರುತ್ತಾಳೆ, ಅತ್ತೆಗೆ ಹುಷಾರು ತಪ್ಪಿದರೆ ಮತ್ತೆ ಬಿಡುತ್ತಾಳೆ. ಹತ್ತು ವರ್ಷದೊಳಗೆ ಅವಳಿಗೆ ಮೂರು ನಾಲ್ಕು ಸಲ ಅಂತಿಮ ಇತ್ಯರ್ಥ ಬರುತ್ತದೆ. ಒಂದೇ ಗೇಟಿನವನಿಗೆ ಹೊಲಿದ ಕಾನೂನನ್ನು ನಾಲ್ಕು ಗೇಟಿನವಳಿಗೆ ತೊಡಿಸಿರುವುದರಿಂದಲೇ ಪಿಎಫ್ ತೆಗೆಯುವ ಕುರಿತ ಇಂದಿನ ಗೊಂದಲಗಳು ಹುಟ್ಟಿವೆ ಎಂಬುದು ನನ್ನ ವಾದ.

ಸರ್ಕಾರ ಇದನ್ನು ಬೇರೆ ಬಗೆಯಲ್ಲಿ ನೋಡುತ್ತದೆ. ಅದರ ಪ್ರಕಾರ ಜನ ದುಡುಕಿ ದುಡ್ಡು ತೆಗೆಯುತ್ತಾರೆ, ಮುಪ್ಪಿಗೆ ಏನೂ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಬೀಗ ಬಿಗಿಯಾಗಬೇಕು. ಈ ಆಲೋಚನೆ ಕರ್ನಾಟಕದಲ್ಲಿ ಒಮ್ಮೆ ಬೀದಿಗೆ ಬಂದು ಪೆಟ್ಟು ತಿಂದಿದೆ. 2016ರ ಫೆಬ್ರುವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿ, ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯದ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ರಸ್ತೆಗಿಳಿದರು. ಮುಂದಾಳುಗಳಿಲ್ಲದ ಹೋರಾಟ ಅದು. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳಿಗೆ ಬೆಂಕಿ ಬಿತ್ತು. ಆ ಹಿಂಸೆಯನ್ನು ಯಾರೂ ಒಪ್ಪಲಾರರು. ಆದರೆ ಎರಡನೆಯ ದಿನವೇ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂಪಡೆದದ್ದಾಗಿ ಸಾರಿದರು. ಬೆಂಗಳೂರಿನ ಟೈಲರಮ್ಮಂದಿರು ಇಡೀ ದೇಶದ ಕಾರ್ಮಿಕರಿಗೆ ಗೆದ್ದುಕೊಟ್ಟ ಹಕ್ಕು ಇದು. ಅದಕ್ಕೆ ನಮ್ಮ ಕಾರ್ಮಿಕ ಚರಿತ್ರೆಯಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಅಂದು ಅವರು ಕೇಳಿದ್ದರಲ್ಲಿ ದುಡುಕು ಎಲ್ಲಿತ್ತು? ಅಲ್ಪಾವಧಿ ಕೆಲಸದವರಿಗೆ ಗ್ರಾಚ್ಯುಟಿ ಇರಲಿಲ್ಲ; ಒಂದೇ ಕಡೆ ಐದು ವರ್ಷ ತುಂಬಿದವರಿಗಷ್ಟೇ ಅದು ದಕ್ಕುತ್ತಿತ್ತು. ನಿರುದ್ಯೋಗ ಭತ್ಯೆ ಎಂಬುದು ಹೆಸರಿಗಷ್ಟೇ. ಇಎಸ್‌ಐ (ನೌಕರರ ರಾಜ್ಯ ವಿಮೆ) ಅಡಿಯ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂದದ್ದೇ 2018ರಲ್ಲಿ. ಅದೂ ಸರಾಸರಿ ವೇತನದ ಅರ್ಧವನ್ನು, ಹೆಚ್ಚೆಂದರೆ 90 ದಿನಗಳಿಗೆ ಕೊಡುತ್ತದೆ. ಜೀವಮಾನದಲ್ಲಿ ಒಂದೇ ಸಲ. ಹೀಗಿರುವಾಗ ಕೆಲಸ ಹೋದ ತಿಂಗಳು ಬಾಡಿಗೆ, ಸ್ಕೂಲ್ ಫೀಸು, ಸ್ತ್ರೀಶಕ್ತಿ ಸಂಘದ ಕಂತು ಕಟ್ಟಲು ಪಿಎಫ್ ಒಂದೇ ದಾರಿ. ಸರ್ಕಾರಕ್ಕೂ ಇದು ಗೊತ್ತಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಅದೇ ಸರ್ಕಾರ, ಖಾತೆಯಲ್ಲಿರುವ ಹಣದ ಮುಕ್ಕಾಲು ಪಾಲು ಅಥವಾ ಮೂರು ತಿಂಗಳ ವೇತನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತೆಗೆದುಕೊಳ್ಳಿ ಎಂದು ತಾನೇ ಬಾಗಿಲು ತೆರೆಯಿತು. ದೇಶಕ್ಕೆ ಕಷ್ಟ ಬಂದಾಗ ಪಿಎಫ್ ನಿರುದ್ಯೋಗದ ಆಸರೆ ಎಂದು ಒಪ್ಪಿದವರು, ಒಂದು ಮನೆಗೆ ಕಷ್ಟ ಬಂದಾಗ ಅದನ್ನು ಮುಪ್ಪಿನ ಹಣ ಎಂದು ಹೇಳುವುದು ಸರಿಯಲ್ಲ.

ಈಗ 2025ರ ಅಕ್ಟೋಬರ್ 13ರ ತೀರ್ಮಾನಕ್ಕೆ ಬರೋಣ. ಭವಿಷ್ಯನಿಧಿ ಸಂಸ್ಥೆಯ ಕೇಂದ್ರ ಧರ್ಮದರ್ಶಿ ಮಂಡಳಿ ಅಂದು ಹಣ ತೆಗೆಯುವ ನಿಯಮಗಳನ್ನು ಹೊಸದಾಗಿ ಕಟ್ಟಿತು. ಭಾಗಶಃ ತೆಗೆಯುವ ಹತ್ತಾರು ನಿಯಮಗಳು ಮೂರು ವರ್ಗಕ್ಕೆ ಇಳಿದವು. ಖಾತೆಯ ಶೇ. 25ರಷ್ಟನ್ನು ಕನಿಷ್ಠ ಶಿಲ್ಕಾಗಿ ಇಟ್ಟಿರಬೇಕು ಎಂದಾಯಿತು. ಕೆಲಸ ಹೋದವರು ಮುಕ್ಕಾಲು ಪಾಲನ್ನು ಕೂಡಲೇ ಪಡೆಯಬಹುದು. ಉಳಿದ ಕಾಲು ಪಾಲಿನ ಅಂತಿಮ ಇತ್ಯರ್ಥಕ್ಕೆ ಇದುವರೆಗೆ ಎರಡು ತಿಂಗಳಿದ್ದ ಕಾಯುವಿಕೆ ಹನ್ನೆರಡು ತಿಂಗಳಿಗೆ ಏರಿತು. ಪಿಂಚಣಿ ಹಣ ತೆಗೆಯಲು ಎರಡು ತಿಂಗಳ ಬದಲು 36 ತಿಂಗಳು.

ಇದರಲ್ಲಿ ಒಳ್ಳೆಯದೂ ಇದೆ. ಮೊದಲು ಮುಕ್ಕಾಲು ಪಾಲಿಗೂ ಒಂದು ತಿಂಗಳು ಕಾಯಬೇಕಿತ್ತು. ಅದನ್ನು ಕೂಡಲೇ ಕೊಡುವುದು, ಮಾಲೀಕರ ಪಾಲನ್ನೂ ಅದರಲ್ಲಿ ಸೇರಿಸಿರುವುದು ನಿಜವಾದ ಅನುಕೂಲ. ಆದರೆ ಕಾಲು ಪಾಲಿನ ಬೀಗಕ್ಕೆ ಸಚಿವಾಲಯ ಕೊಟ್ಟ ಕಾರಣವನ್ನು ಒರೆಗೆ ಹಚ್ಚಬೇಕು. ಅಂತಿಮ ಇತ್ಯರ್ಥದ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಗಿಂತ ಕಡಿಮೆ ಇರುತ್ತದೆ, ಮುಕ್ಕಾಲು ಮಂದಿಯ ಖಾತೆಯಲ್ಲಿ 50,000ಕ್ಕಿಂತ ಕಡಿಮೆ ಎಂದು ಅದು ಹೇಳಿತು. ಪದೇ ಪದೇ ತೆಗೆದದ್ದರಿಂದ ಹೀಗಾಗಿದೆ ಎಂಬುದು ಅದರ ತೀರ್ಮಾನ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 12,000 ರೂ. ವೇತನದ ಒಬ್ಬ ಹೆಣ್ಣುಮಗಳನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಅವಳ ಪಾಲು ಶೇ. 12, ಅಂದರೆ 1,440 ರೂ. ಮಾಲೀಕರೂ ಅಷ್ಟೇ ಕಟ್ಟುತ್ತಾರೆ; ಆದರೆ ಅದರಲ್ಲಿ ಶೇ. 8.33, ಹೆಚ್ಚುಕಡಿಮೆ 1,000 ರೂ., ಪಿಂಚಣಿ ನಿಧಿಗೆ ಹೋಗುತ್ತದೆ. ಪಿಎಫ್ ಖಾತೆಗೆ ತಿಂಗಳಿಗೆ ಬೀಳುವುದು 1,880 ರೂ., ವರ್ಷಕ್ಕೆ 22,560. ಅಂದರೆ 20,000 ರೂ. ಎಂಬುದು ಕಡಿಮೆ ಸಂಬಳದ ಕೆಲಸದಲ್ಲಿ ಒಂದು ವರ್ಷದೊಳಗಿನ ಉಳಿತಾಯ. ಒಂದೂ ಸಲ ಮುಂಗಡ ತೆಗೆಯದ ಹೆಣ್ಣುಮಗಳೂ ಹನ್ನೊಂದನೇ ತಿಂಗಳಲ್ಲಿ ಕೆಲಸ ಬಿಟ್ಟರೆ ಅವಳ ಖಾತೆಯಲ್ಲಿ ಇರುವುದು ಅಷ್ಟೇ. ಹಾಗಾಗಿ ಸಚಿವಾಲಯದ ಅಂಕಿಗಳು ಕಾರ್ಮಿಕರ ದುಂದಿಗೆ ಪುರಾವೆಯಾಗುವುದಕ್ಕಿಂತ ಹೆಚ್ಚಾಗಿ ಸಂಬಳ ಎಷ್ಟು ಸಣ್ಣದು, ಕೆಲಸ ಎಷ್ಟು ಬೇಗ ಕೈತಪ್ಪುತ್ತದೆ ಎಂಬುದಕ್ಕೆ ಪುರಾವೆ. ರೋಗ ಅಲ್ಲಿರುವಾಗ ಖಾತೆಗೆ ಬೀಗ ಹಾಕಿದರೆ ಗುಣವಾಗುವುದಿಲ್ಲ.

20,000ದಲ್ಲಿ ಕಾಲು ಪಾಲೆಂದರೆ 5,000 ರೂ. ಸದ್ಯದ ಶೇ. 8.25ರ ಬಡ್ಡಿ ಹೀಗೇ ಸಿಕ್ಕರೆ ಅದು ಮೂವತ್ತು ವರ್ಷದಲ್ಲಿ 50,000 ದಾಟುತ್ತದೆ ಎಂದು ಬೀಗದ ಪರವಾಗಿರುವವರು ಹೇಳಬಹುದು. ಲೆಕ್ಕ ಸರಿಯೇ. ಆದರೆ ಬೀಗ ಇರುವುದು ಮೂವತ್ತು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ಒಂದು ವರ್ಷ ತಡೆದಿಟ್ಟ 5,000 ರೂಪಾಯಿ ಯಾರ ಮುಪ್ಪನ್ನೂ ಕಾಯುವುದಿಲ್ಲ. ಕೆಲಸ ಕಳೆದುಕೊಂಡ ಮನೆಗೆ ಮಾತ್ರ ಆ ವರ್ಷ ಅಷ್ಟು ಕಷ್ಟವಾಗುತ್ತದೆ. ಲಕ್ಷಗಟ್ಟಲೆ ಶಿಲ್ಕಿರುವ ಖಾತೆಗಳಿಗೆ ಈ ನಿಯಮ ಇರಲಿ. 50,000ಕ್ಕಿಂತ ಕಡಿಮೆ ಇರುವ ಖಾತೆಗಳನ್ನು ಇದರಿಂದ ಹೊರಗಿಡುವುದೇ ನ್ಯಾಯ.

ಹಾಗಾದರೆ ಕಾಪಾಡಬೇಕಾದ್ದು ಏನೂ ಇಲ್ಲವೇ? ಇದೆ. ಅದು ಪಿಂಚಣಿಯ ಸೇವಾವರ್ಷ. ಮಲೆನಾಡಿನ ರೈತ ಬರಗಾಲದಲ್ಲೂ ಉಣ್ಣುವ ಭತ್ತವನ್ನೂ ಬಿತ್ತನೆ ಭತ್ತವನ್ನೂ ಒಂದೇ ಚೀಲಕ್ಕೆ ಸುರಿಯುವುದಿಲ್ಲ. ಪಿಎಫ್ ಉಣ್ಣುವ ಭತ್ತ, ಪಿಂಚಣಿ ಬಿತ್ತನೆಯದು. ಕೆಲಸ ಬಿಟ್ಟವರು ಪಿಎಫ್‌ಗೆ ಫಾರಂ 19 ಹಾಕುವಾಗಲೇ, ಯಾರೂ ಏನೂ ವಿವರಿಸದೆ, ಪಿಂಚಣಿ ಹಣಕ್ಕೆ ಫಾರಂ 10ಸಿ ಕೂಡ ಹಾಕಿಬಿಡುವುದು ವಾಡಿಕೆ. ಸೈಬರ್ ಸೆಂಟರಿನವರ ಪಾಲಿಗೆ ಅವೆರಡೂ ಒಂದೇ ಕೆಲಸದ ಎರಡು ಭಾಗ. ಆದರೆ ಎರಡನೆಯದು ಒತ್ತಿದ ಗಳಿಗೆಯಲ್ಲಿ ಅಲ್ಲಿಯವರೆಗಿನ ಸೇವೆ ಪಿಂಚಣಿಯ ಲೆಕ್ಕದಿಂದ ಅಳಿಸಿಹೋಗುತ್ತದೆ.

1995ರ ನವೆಂಬರ್ 16ರಂದು ಜಾರಿಗೆ ಬಂದ ಪಿಂಚಣಿ ಯೋಜನೆಯ ಪ್ರಕಾರ ಒಟ್ಟು ಹತ್ತು ವರ್ಷ ಸೇವೆಯಾದರೆ 58ನೇ ವಯಸ್ಸಿನಿಂದ ಜೀವನಪರ್ಯಂತ ಪಿಂಚಣಿ. ಹತ್ತು ವರ್ಷ ಒಂದೇ ಕಡೆ ಆಗಬೇಕಿಲ್ಲ. ತುಂಡು ತುಂಡಾಗಿ ಸೇರಿದರೂ ಸಾಕು. ಒಂಬತ್ತೂವರೆ ವರ್ಷ ಆಗಿದ್ದರೂ ಹತ್ತೆಂದೇ ಎಣಿಕೆ. ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. ನಮ್ಮ ಉದಾಹರಣೆಯ ಹೆಣ್ಣುಮಗಳಿಗೆ ಹತ್ತು ವರ್ಷಕ್ಕೆ ಅದು 1,714 ರೂ.; ಪಿಂಚಣಿ ಪಡೆಯುತ್ತಿರುವಾಗ ಅವಳು ತೀರಿಕೊಂಡರೆ ಗಂಡನಿಗೆ ಅದರ ಅರ್ಧ. ಬದಲಿಗೆ ಅವಳು ಪ್ರತಿ ಸಲ ಕೆಲಸ ಬಿಟ್ಟಾಗ 10ಸಿ ಹಾಕಿ ಹಣ ತೆಗೆದರೆ ಸಿಗುವುದು ವರ್ಷದ ಸೇವೆಗೆ ಸುಮಾರು ಒಂದು ತಿಂಗಳ ಸಂಬಳ. ಮೂರು ವರ್ಷ, ನಾಲ್ಕು ವರ್ಷ, ಮತ್ತೆ ಮೂರು ವರ್ಷ ದುಡಿದವಳು ಹತ್ತು ವರ್ಷ ದುಡಿದೂ ಪಿಂಚಣಿಯ ಕಣ್ಣಲ್ಲಿ ಸೊನ್ನೆ. ಅದೇ ಫಾರಂ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು, ಸೇವಾವರ್ಷ ಹಾಗೆಯೇ ಉಳಿಯುತ್ತದೆ ಎಂಬುದನ್ನು ಅವಳಿಗೆ ಹೇಳಿದವರು ಯಾರು?

ಆದ್ದರಿಂದ ಪಿಂಚಣಿ ಹಣಕ್ಕೆ 36 ತಿಂಗಳ ಕಾಯುವಿಕೆ ಇಟ್ಟ ಮಂಡಳಿಯ ತೀರ್ಮಾನ ದಿಕ್ಕಿನಲ್ಲಿ ಸರಿ ಎಂದು ನಾನು ಭಾವಿಸುತ್ತೇನೆ. ಮೂರು ವರ್ಷದೊಳಗೆ ಬಹುಪಾಲು ಮಂದಿ ಮತ್ತೆ ಎಲ್ಲೋ ಕೆಲಸಕ್ಕೆ ಸೇರಿರುತ್ತಾರೆ, ಹಳೆಯ ಸೇವೆ ಹೊಸದಕ್ಕೆ ಕೂಡುತ್ತದೆ. ಆದರೆ ಕಾರ್ಮಿಕರು ಈ ಪಿಂಚಣಿಯನ್ನು ನಂಬದಿರುವುದಕ್ಕೂ ಗಟ್ಟಿ ಕಾರಣವಿದೆ. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂ. ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರ್‌ನಲ್ಲಿ. ಹತ್ತು ವರ್ಷ ಕಳೆದರೂ ಅದು ಮೇಲೇರಲಿಲ್ಲ. ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ ಅದಕ್ಕಿಲ್ಲ. ಭದ್ರಾವತಿಯಲ್ಲಿ ಇಂಥ ಪಿಂಚಣಿಯಲ್ಲಿ ಔಷಧಿಯ ಖರ್ಚೂ ಹುಟ್ಟದ ಮುದುಕರನ್ನು ನೋಡಿ ಬೆಳೆದ ಮಕ್ಕಳು ಕೈಗೆ ಬರುವ ಹಣವನ್ನೇ ನೆಚ್ಚಿದರೆ ತಪ್ಪು ಅವರದಲ್ಲ. ಬೀಗ ಹಾಕುವ ಅಧಿಕಾರ ಕೇಳುವ ಸರ್ಕಾರ ಮೊದಲು ಒಳಗಿರುವುದಕ್ಕೆ ಬೆಲೆ ಬರುವಂತೆ ಮಾಡಬೇಕು.

ಹೊರದೇಶಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಮಲೇಷ್ಯಾದ ಭವಿಷ್ಯನಿಧಿ 2024ರ ಮೇ ತಿಂಗಳಲ್ಲಿ ಹೊಸ ವಂತಿಗೆಯನ್ನು ಮೂರು ಖಾತೆಗಳಿಗೆ ಹಂಚಿತು: ಶೇ. 75 ನಿವೃತ್ತಿಗೆ, ಶೇ. 15 ಮನೆ, ಶಿಕ್ಷಣ, ಆರೋಗ್ಯದಂಥ ಅಗತ್ಯಗಳಿಗೆ, ಶೇ. 10 ಯಾವಾಗ ಬೇಕಾದರೂ ತೆಗೆಯಲು. ಅಲ್ಲಿನ ಪಾಲುಗಳನ್ನು ನಾವು ಹಾಗೇ ತರಬೇಕಿಲ್ಲ. ಯಾವ ಹಣ ಯಾವುದಕ್ಕೆ ಎಂಬುದು ಸದಸ್ಯರಿಗೆ ಮೊದಲೇ ಗೊತ್ತಿರುತ್ತದೆ ಎಂಬ ಗುಣವನ್ನು ಮಾತ್ರ ತರಬೇಕು. ನಮ್ಮಲ್ಲಿ ನಿಯಮ ತಿಳಿಯುವುದು ಕೆಲಸ ಹೋದ ಮೇಲೆ. ತಿಳಿಯುವ ಹೊತ್ತಿಗೆ ಅದು ಬದಲಾಗಿರುತ್ತದೆ. ಮೂರು ವರ್ಷ ವಂತಿಗೆ ಬೀಳದಿದ್ದರೆ ಬಡ್ಡಿ ನಿಲ್ಲುತ್ತದೆ ಎಂಬ ಭಯಕ್ಕೆ ಈಗಲೂ ಎಷ್ಟೋ ಜನ ಹಣ ತೆಗೆಯುತ್ತಾರೆ. 2011ರಲ್ಲಿ ಬಂದಿದ್ದ ಆ ನಿಯಮ 2016ರಲ್ಲೇ ಹೋಯಿತು. ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟವರ ಖಾತೆಗೆ 58 ವರ್ಷದವರೆಗೆ ಬಡ್ಡಿ ಸೇರುತ್ತದೆ.

ಇನ್ನು ಗುತ್ತಿಗೆ ಕಾರ್ಮಿಕರು. ಎಂಪಿಎಂ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಾಯಂ ನೌಕರರಿಗೆ ಸ್ವಯಂ ನಿವೃತ್ತಿಯ ದಾರಿಯಾದರೂ ತೆರೆಯಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚಲು ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) 2023ರ ಜನವರಿಯಲ್ಲಿ ತೀರ್ಮಾನಿಸಿದಾಗ ಗೇಟಿನ ಮುಂದೆ ಹಗಲಿರುಳು ಕೂತವರು ಗುತ್ತಿಗೆ ಕಾರ್ಮಿಕರು. ಗುತ್ತಿಗೆದಾರ ಬದಲಾದಂತೆ ಇಂಥವರ ಪಿಎಫ್ ಖಾತೆಯೂ ತುಂಡಾಗುತ್ತದೆ. ಒಬ್ಬ ಗುತ್ತಿಗೆದಾರ ಸೇರಿದ ದಿನಾಂಕ ತಪ್ಪು ಬರೆದಿರುತ್ತಾನೆ, ಇನ್ನೊಬ್ಬ ಬಿಟ್ಟ ದಿನಾಂಕವನ್ನೇ ಹಾಕಿರುವುದಿಲ್ಲ, ಮತ್ತೊಬ್ಬ ಸಂಬಳದಿಂದ ಹಿಡಿದ ಹಣವನ್ನು ಕಟ್ಟಿರುವುದೇ ಇಲ್ಲ. ಕಾನೂನು ಇಲ್ಲಿ ಸ್ಪಷ್ಟವಾಗಿದೆ: ಗುತ್ತಿಗೆದಾರ ಕಟ್ಟದಿದ್ದರೆ ವಂತಿಗೆಯ ಹೊಣೆ ಮೂಲ ಮಾಲೀಕರದು. ಗುತ್ತಿಗೆದಾರನನ್ನು ಹುಡುಕಿಕೊಂಡು ಬನ್ನಿ ಎಂದು ಕಾರ್ಮಿಕನನ್ನು ಅಲೆಸುವುದಕ್ಕೆ ಯಾವ ಕಚೇರಿಗೂ ಅಧಿಕಾರವಿಲ್ಲ.

ಹೆಸರಿನ ಪಾಡೂ ಕಡಿಮೆಯದಲ್ಲ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಗಂಡನ ಹೆಸರು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1. ಇಷ್ಟಕ್ಕೇ ಅರ್ಜಿ ತಿರಸ್ಕೃತವಾಗುತ್ತದೆ. ಈಚೆಗೆ ಕೆಲವು ಒಳ್ಳೆಯ ಬದಲಾವಣೆಗಳಾಗಿವೆ. 2020ರಿಂದ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಬಿಟ್ಟ ದಿನಾಂಕವನ್ನು ಕಾರ್ಮಿಕರೇ ನಮೂದಿಸಬಹುದು. 2025ರ ಜನವರಿಯಿಂದ, ಆಧಾರ್ ದೃಢೀಕರಣವಾದ ಯುಎಎನ್ (ಪಿಎಫ್‌ನ ಸಾರ್ವತ್ರಿಕ ಖಾತೆ ಸಂಖ್ಯೆ) ಇದ್ದವರು ಹೆಸರು, ಜನ್ಮದಿನಾಂಕದಂಥ ವಿವರಗಳನ್ನು ಬಹುತೇಕ ಮಾಲೀಕರ ಒಪ್ಪಿಗೆಯಿಲ್ಲದೆ ತಿದ್ದಿಕೊಳ್ಳಬಹುದು. ಅದೇ ವರ್ಷ ಏಪ್ರಿಲ್‌ನಲ್ಲಿ ಚೆಕ್ ಅಥವಾ ಪಾಸ್‌ಬುಕ್ ಚಿತ್ರ ಲಗತ್ತಿಸುವ ಕಡ್ಡಾಯವೂ ಹೋಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಮೊಬೈಲಿಗೆ ಬಂದ ಓಟಿಪಿಯನ್ನೂ ಬೇರೆಯವರಿಂದ ಓದಿಸಿಕೊಳ್ಳುವವರಿಗೆ ಪರದೆಯ ಮೇಲಿನ ಸೌಲಭ್ಯ ತಾನಾಗಿ ತಲುಪುವುದಿಲ್ಲ.

ಹಳೆಯ ಯೋಜನೆಯಲ್ಲೇ ಒಂದು ಬಲವಾದ ನಿಯಮವಿತ್ತು. ಎಲ್ಲ ದಾಖಲೆ ಸರಿಯಿರುವ ಅರ್ಜಿಯನ್ನು 20 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಸಕಾರಣವಿಲ್ಲದೆ ತಡವಾದರೆ ಶೇ. 12ರ ಬಡ್ಡಿಯನ್ನು ಆಯುಕ್ತರ ಸಂಬಳದಿಂದ ಕಡಿಯಬಹುದು. ಇಷ್ಟು ನೇರವಾಗಿ ಅಧಿಕಾರಿಯನ್ನು ಹೊಣೆ ಮಾಡುವ ನಿಯಮ ನಮ್ಮ ಆಡಳಿತದಲ್ಲಿ ಅಪರೂಪ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಅಡಿಯಲ್ಲಿ ಹೊಸ ಯೋಜನೆ ರೂಪಿಸುವಾಗ ಈ ನಿಯಮ ಉಳಿಯಬೇಕು. ತಿರಸ್ಕರಿಸಿದ ಅರ್ಜಿಗೂ ಅದು ಅನ್ವಯವಾಗಬೇಕು. ಏಕೆಂದರೆ ಸಣ್ಣ ಕಾರಣಕ್ಕೆ ವಾಪಸು ಕಳಿಸಿದರೆ ಇಪ್ಪತ್ತು ದಿನಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹೆಣ್ಣುಮಕ್ಕಳ ಪಿಎಫ್ ಗಂಡನ ಸಾಲಕ್ಕೆ, ಗಂಡನ ಬೈಕಿಗೆ ಹೋಗುತ್ತದೆ, ಬೀಗವಿದ್ದರೆ ಅವಳಿಗೇ ಒಳ್ಳೆಯದು ಎಂಬ ವಾದವೂ ಇದೆ. ಇದರಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಮನೆಯೊಳಗೆ ಅವಳಿಗೆ ಮಾತಿಲ್ಲ ಎಂಬ ಕಾರಣಕ್ಕೆ ಸರ್ಕಾರವೂ ಅವಳ ಮಾತು ಕಿತ್ತುಕೊಳ್ಳುವುದು ಪರಿಹಾರವಾಗದು. ಅವಳ ಹೆಸರಿನ ಬ್ಯಾಂಕ್ ಖಾತೆ, ಅವಳ ಕೈಯಲ್ಲಿರುವ ಮೊಬೈಲ್ ಸಂಖ್ಯೆ, ಎರಡು ಫಾರಂಗಳ ವ್ಯತ್ಯಾಸದ ತಿಳಿವಳಿಕೆ ಅವಳಿಗೆ ಬಲ ಕೊಡುತ್ತವೆ.

ಶಿವಮೊಗ್ಗದಲ್ಲಿ ಭವಿಷ್ಯನಿಧಿಯ ಪ್ರಾದೇಶಿಕ ಕಚೇರಿ ಇದೆ. ಅದು ಮಾಚೇನಹಳ್ಳಿಯ ಗೇಟುಗಳಿಗೂ ಭದ್ರಾವತಿಗೂ ನಿಗದಿತ ದಿನಗಳಲ್ಲಿ ಬಂದು ಕನ್ನಡದಲ್ಲಿ ವಿವರಿಸಲಿ. ಕೆಲಸ ಬಿಡುವವರ ಕೈಗೆ ಕಾರ್ಖಾನೆಗಳು ಲೆಕ್ಕ ಚುಕ್ತಾ ಮಾಡುವ ದಿನವೇ ಅವರ ಒಟ್ಟು ಸೇವಾವರ್ಷ ಬರೆದ ಒಂದು ಹಾಳೆ ಕೊಡಲಿ. 50,000 ರೂ. ಒಳಗಿನ ಖಾತೆಗಳಿಗೆ ಬೀಗ ಬೇಡ. ಕನಿಷ್ಠ ಪಿಂಚಣಿ ಬೆಲೆಯೇರಿಕೆಗೆ ತಕ್ಕಂತೆ ಏರಲಿ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಕೆಲಸ ಬಿಟ್ಟು ಪಿಎಫ್ ತೆಗೆಯಲು ಹೊರಟಿದ್ದರೆ ಅವರನ್ನು ತಡೆಯಬೇಡಿ. ಅದು ಅವರ ದುಡಿಮೆ. ಐದು ವರ್ಷ ತುಂಬುವ ಮೊದಲು 50,000 ರೂ. ಅಥವಾ ಹೆಚ್ಚು ತೆಗೆದರೆ ತೆರಿಗೆ ಕಡಿತವಿದೆ, ತೆರಿಗೆಯ ವ್ಯಾಪ್ತಿಗೆ ಬಾರದವರು ಘೋಷಣೆ ಪತ್ರ ಕೊಟ್ಟು ಅದನ್ನು ತಪ್ಪಿಸಿಕೊಳ್ಳಬಹುದು ಎಂದು ತಿಳಿಸಿ. ನಾಮಿನಿ ಹೆಸರು ಸರಿಯಿದೆಯೇ ಎಂದು ನೋಡಿಸಿ. ಫಾರಂ 10ಸಿಗೆ ಕೈ ಹಾಕುವ ಮೊದಲು ಎಲ್ಲ ಕಡೆಯ ಸೇವೆ ಕೂಡಿಸಿ ಎಷ್ಟು ವರ್ಷವಾಯಿತೆಂದು ಎಣಿಸಿ, ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳುವಂತೆ ಹೇಳಿ. ಹಣ ಇಂದಿನ ಕಷ್ಟಕ್ಕೆ ಒದಗಲಿ, ದುಡಿದ ವರ್ಷಗಳು ಅವರ ಹೆಸರಿನಲ್ಲೇ ಉಳಿಯಲಿ.